ನಲವತ್ತು ಎಣಿಸುವಷ್ಟರಲ್ಲಿ

ತಟ್ಟೆ ಒಂದು ಸಲ ಬಡಿದರೆ ಹಾಲಿನವಳು, ಎರಡು ಸಲ ಬಡಿದರೆ ಗಂಡಸು. ಆ ಮನೆಯಲ್ಲಿ ಇದಕ್ಕಿಂತ ದೊಡ್ಡ ಕಾನೂನು ಇರಲಿಲ್ಲ.

ಮನೆಯೆಂದರೆ ಹಿಂದೊಂದು ಕಾಲಕ್ಕೆ ಬಿತ್ತನೆ ಬೀಜ ಇಡುತ್ತಿದ್ದ ಗೋದಾಮು. ಎತ್ತರದ ಗೋಡೆ, ಚಾವಣಿಯ ಹತ್ತಿರ ಅಂಗೈಯಗಲದ ಕಿಟಕಿಗಳು, ಎಷ್ಟು ತೊಳೆದರೂ ಹೋಗದ ಕಾಳಿನ ವಾಸನೆ. ಮುಂದೆ ಕಬ್ಬಿಣದ ಗೇಟು, ಹಿಂದೆ ತಲೆ ತಗ್ಗಿಸಿ ದಾಟಬೇಕಾದ ಸಣ್ಣ ಬಾಗಿಲು. ಬಾಗಿಲಾಚೆಗೆ ಬೇರೆಯವರ ಮೆಕ್ಕೆಜೋಳದ ಹೊಲ. ಹೊಲದವನು ಈ ಮಗ್ಗುಲಿನ ಎಂಟು ಸಾಲನ್ನು ಪ್ರತಿ ಸಲವೂ ಎಲ್ಲಕ್ಕಿಂತ ಕೊನೆಗೆ ಕೊಯ್ಯುತ್ತಿದ್ದ. ಯಾಕೆಂದು ಅವನೂ ಹೇಳಿರಲಿಲ್ಲ, ಇವರೂ ಕೇಳಿರಲಿಲ್ಲ.

ಮನೆ ನಡೆಸುತ್ತಿದ್ದವಳು ಮೂವತ್ತು ವರ್ಷ ಸುತ್ತಲಿನ ಹಳ್ಳಿಗಳಲ್ಲಿ ಹೆರಿಗೆ ಮಾಡಿಸಿ ನಿವೃತ್ತಳಾದ ನರ್ಸು. ಎಲ್ಲರ ಬಾಯಲ್ಲೂ ನರ್ಸಮ್ಮ. ಮನೆಯಲ್ಲಿ ಏಟು ತಿಂದು, ಉಟ್ಟ ಬಟ್ಟೆಯಲ್ಲಿ ಹೊರಟು ಬಂದ ಹೆಂಗಸರು ಅಲ್ಲಿರುತ್ತಿದ್ದರು. ಆ ವರ್ಷ ಹನ್ನೊಂದು ಜನ, ಜೊತೆಗೆ ಆರು ಮಕ್ಕಳು. ಊರಿನ ಪಂಚಾಯಿತಿ ಕೊಡುತ್ತಿದ್ದ ಅನುದಾನದಲ್ಲಿ ಅಕ್ಕಿ, ಬೇಳೆ, ಸೌದೆ, ಔಷಧಿ ನಡೆಯುತ್ತಿತ್ತು. ಕಟ್ಟಡವೂ ಪಂಚಾಯಿತಿಯದೇ. ಅನುದಾನ ನಿಂತರೆ ಬೀಗದ ಕೈಯನ್ನೂ ವಾಪಸು ಕೊಡಬೇಕು.

ಆರು ವರ್ಷದ ಹಿಂದೆ ಒಬ್ಬ ಗಂಡ ಗೇಟು ಹತ್ತಿ ಒಳಗೆ ಹಾರಿದ್ದ. ಅವನ ಹೆಂಡತಿ ಒಲೆಯ ಮುಂದೆ ಕೂತಿದ್ದಳು. ಎದ್ದೇಳುವುದಕ್ಕೂ ಬಿಡಲಿಲ್ಲ. ಆ ಹೆಣವನ್ನು ತೊಳೆದು ಕಳಿಸಿದ ಮೇಲೆ ನರ್ಸಮ್ಮ ತಟ್ಟೆಯ ಕಾನೂನು ತಂದಳು. ತಟ್ಟೆ ಎರಡು ಸಲ ಬಡಿದ ಕೂಡಲೇ ಒಬ್ಬಳು ಒಲೆಗೆ ನೀರು ಸುರಿಯಬೇಕು, ಒಬ್ಬಳು ಹಗ್ಗದ ಮೇಲಿನ ಬಟ್ಟೆ ಬಾಚಬೇಕು, ಒಬ್ಬಳು ಹಾಸಿಗೆ ಸುತ್ತಿ ಅಟ್ಟಕ್ಕೆ ಎಸೆಯಬೇಕು, ಮಕ್ಕಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಉಳಿದವರು ಹಿಂದಿನ ಬಾಗಿಲು ದಾಟಬೇಕು. ನಲವತ್ತು ಎಣಿಸುವಷ್ಟರಲ್ಲಿ ಮನೆ ಖಾಲಿ ಇರಬೇಕು. ಶುರುವಿನಲ್ಲಿ ನೂರಾದರೂ ಆಗುತ್ತಿರಲಿಲ್ಲ. ಹಾಲು ಉಕ್ಕುತ್ತಿತ್ತು, ಮಗು ಕಿರುಚುತ್ತಿತ್ತು, ಯಾರೋ ಚಪ್ಪಲಿ ಹುಡುಕುತ್ತಾ ನಿಲ್ಲುತ್ತಿದ್ದರು. ಈಗ ಮೂವತ್ತಕ್ಕೆ ಮುಗಿಯುತ್ತಿತ್ತು. ನಾಲ್ಕು ವರ್ಷದ ಕೂಸು ಕೂಡ ಅಳುವುದನ್ನು ಅರ್ಧಕ್ಕೆ ನಿಲ್ಲಿಸುವುದು ಕಲಿತಿತ್ತು.

ತಟ್ಟೆ ಬಡಿಯುವವಳು ಅಜ್ಜಿ. ತಟ್ಟೆ ಅಜ್ಜಿ. ಗೇಟಿನ ಪಕ್ಕ ಮುಕ್ಕಾಲು ಮುರಿದ ಕುರ್ಚಿ ಹಾಕಿಕೊಂಡು, ಮಡಿಲಲ್ಲಿ ತಗಡಿನ ತಟ್ಟೆ ಇಟ್ಟುಕೊಂಡು, ಬೆಳಿಗ್ಗೆಯಿಂದ ದೀಪ ಹಚ್ಚುವವರೆಗೆ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂರುತ್ತಿದ್ದಳು. ಎಡಗೈ ಮಣಿಕಟ್ಟು ಸೊಟ್ಟಗೆ ಕೂಡಿಕೊಂಡಿತ್ತು. ತಟ್ಟೆಯನ್ನು ಮೊಣಕಾಲಿಗೆ ಒತ್ತಿ ಹಿಡಿದು ಬಲಗೈಯಲ್ಲಿ ಬಡಿಯುತ್ತಿದ್ದಳು. ಕೈಗೇನಾಯ್ತು ಎಂದು ಯಾರಾದರೂ ಕೇಳಿದರೆ, "ಬಡಿದೂ ಬಡಿದೂ ಹಿಂಗಾಗಿದೆ, ನನಗೊಂದು ಸಂಬಳ ಹಾಕಿಸ್ರೇ" ಎನ್ನುತ್ತಿದ್ದಳು. ಅವಳಿಗೆ ಹಿಂದೆ ಮುಂದೆ ಯಾರೂ ಇಲ್ಲವೆಂದು ಎಲ್ಲರೂ ತಿಳಿದಿದ್ದರು. ಅಡುಗೆಗೆ ಅಕ್ಕಿ ಅಳೆಯುವಾಗಲೂ ಅವಳನ್ನು ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ. ಮಿಕ್ಕಿದ್ದು ಅವಳಿಗೆ ಎಂಬುದು ಅವಳೇ ಮಾಡಿಕೊಂಡ ಪದ್ಧತಿ.

ಆ ವರ್ಷ ಪಂಚಾಯಿತಿಯಲ್ಲಿ ಹೊಸ ನಿಯಮ ಬಂತು. ಅನುದಾನ ಪಡೆಯುವ ಪ್ರತಿ ಸಂಸ್ಥೆಯನ್ನೂ ಮೇಲಿನ ಕಚೇರಿಯ ತಪಾಸಣೆಯವರು ಕಣ್ಣಾರೆ ನೋಡಿ ವರದಿ ಕೊಡಬೇಕು. ಗುರುವಾರ ಹನ್ನೊಂದು ಗಂಟೆಗೆ ಬರುತ್ತಾರೆ ಎಂದು ಕಾಗದ ಬಂತು. ನರ್ಸಮ್ಮ ಗೋಡೆಗೆ ಸುಣ್ಣ ಹೊಡೆಸಿದಳು. ಹೆಂಗಸರಿಗೆ, "ಗುರುವಾರ ಮಾತ್ರ ತಟ್ಟೆ ಬಡಿಯಲ್ಲ. ಎಲ್ಲಾ ಇಲ್ಲೇ ಇರಬೇಕು. ಅವರು ಕೇಳಿದ್ದಕ್ಕೆ ಉತ್ತರ ಕೊಡಿ, ಹೆಸರು ಕೇಳಿದ್ರೆ ನನ್ನ ಕಡೆ ನೋಡಿ" ಎಂದು ಮೂರು ಸಲ ಹೇಳಿದಳು.

ತಪಾಸಣೆಯವರು ಬಂದದ್ದು ಮಂಗಳವಾರ. ಆವತ್ತು ಜೀಪು ಸಿಕ್ಕಿತ್ತಂತೆ.

ನರ್ಸಮ್ಮ ಒಬ್ಬಳ ಹೊಲಿಗೆ ಬಿಚ್ಚಿಸಲು ಪೇಟೆಯ ಆಸ್ಪತ್ರೆಗೆ ಹೋಗಿದ್ದಳು. ಅಜ್ಜಿಗೆ ಕಂಡದ್ದು ಇಷ್ಟೇ: ಧೂಳೆಬ್ಬಿಸಿಕೊಂಡು ಒಂದು ಜೀಪು, ಅದರಿಂದ ಇಳಿದ ಇಬ್ಬರು ಗಂಡಸರು. ತಟ್ಟೆ ಎರಡು ಸಲ ಬಡಿಯಿತು.

ಇಬ್ಬರಲ್ಲಿ ಒಬ್ಬ ಚಾಲಕ; ತಪಾಸಣೆಯವರು ಒಳ್ಳೆಯ ಮನುಷ್ಯ. ಗೇಟಿನ ಹೊರಗೆ ತಾಳ್ಮೆಯಿಂದ ನಿಂತರು. ಅಜ್ಜಿ ಬೀಗದ ಕೈ ಹುಡುಕಿದಳು; ಒಂದು ಸಲ ಸೊಂಟದಲ್ಲಿ, ಒಂದು ಸಲ ಕುರ್ಚಿಯ ಕೆಳಗೆ, ಕೊನೆಗೆ ತಟ್ಟೆಯ ಕೆಳಗೆ. ಮನಸ್ಸಿನಲ್ಲಿ ಎಣಿಸುತ್ತಿದ್ದಳು. ನಲವತ್ತಕ್ಕೆ ಸರಿಯಾಗಿ ಗೇಟು ತೆರೆಯಿತು.

ಅವರು ಕೋಣೆ ಕೋಣೆ ನೋಡಿದರು. ಹಾಸಿಗೆ ಇಲ್ಲ. ಒಲೆ ತಣ್ಣಗೆ, ಬೂದಿ ಒದ್ದೆ. ಹಗ್ಗದ ಮೇಲೆ ಒಂದು ಚಿಂದಿಯೂ ಇಲ್ಲ. ಹೊಸ ಸುಣ್ಣದ ಗೋಡೆಯಲ್ಲಿ ಒಂದು ಕೈಗುರುತೂ ಇರಲಿಲ್ಲ.

"ಇಲ್ಲಿ ಎಷ್ಟು ಜನ ಇದ್ದೀರಮ್ಮಾ?" ಎಂದು ಕೇಳಿದರು.

"ಎಲ್ಲಿಯ ಜನ ಸಾಹೇಬ್ರೆ! ನಾನೊಬ್ಬಳೇ ಮುದುಕಿ. ಇಲಿ ಕಾಯ್ಕೊಂಡು ಬಿದ್ದಿದ್ದೀನಿ."

"ಬೇರೆ ಹೆಂಗಸರು ಬರೋದು ಹೋಗೋದು?"

"ಈ ಹಾಳು ಗೋದಾಮಿಗೆ ಯಾವ ಹೆಂಗಸು ಬರ್ತಾಳೆ? ನಾನೇ ಗತಿಯಿಲ್ಲದೆ ಇದ್ದೀನಿ."

ತಪಾಸಣೆಯವರು ನಿಟ್ಟುಸಿರು ಬಿಟ್ಟು ಬರೆದರು. ಬರೆದದ್ದನ್ನು ಓದಿ ಹೇಳಿದರು: ಕಟ್ಟಡದಲ್ಲಿ ಕಾವಲಿನ ವೃದ್ಧೆಯೊಬ್ಬರನ್ನು ಬಿಟ್ಟು ಯಾರೂ ವಾಸವಿಲ್ಲ. "ಸರೀನಾ?" ಎಂದರು. "ನೂರಕ್ಕೆ ನೂರು ಸರಿ" ಎಂದು ಅಜ್ಜಿ ಹೆಬ್ಬೆಟ್ಟು ಒತ್ತಿದಳು. ಒಂದು ಪ್ರತಿಯನ್ನು ಅವಳ ಕೈಗೇ ಕೊಟ್ಟು ಹೋದರು.

ಮಧ್ಯಾಹ್ನ ನರ್ಸಮ್ಮ ಬಂದಾಗ ಹೆಂಗಸರೆಲ್ಲ ಅಜ್ಜಿಯನ್ನು ನಡುವೆ ಕೂರಿಸಿಕೊಂಡು ನಗುತ್ತಿದ್ದರು. ಅಜ್ಜಿ ತಪಾಸಣೆಯವರ ನಡಿಗೆಯನ್ನು ಮಾಡಿ ತೋರಿಸುತ್ತಿದ್ದಳು. "ಎರಡು ಗಂಡಸು ನರ್ಸಮ್ಮಾ, ಜೀಪಲ್ಲಿ! ಒಂದು ಕೂದಲು ಸಿಗಲಿಲ್ಲ ಅವರಿಗೆ. ಇಪ್ಪತ್ತೆಂಟಕ್ಕೆ ಖಾಲಿ ಮಾಡಿದ್ರು ನಮ್ಮ ಹುಡುಗೀರು. ಕಾಗದ ಬೇರೆ ಕೊಟ್ಟು ಹೋದ್ರು ಪಾಪ."

ನರ್ಸಮ್ಮ ಕಾಗದ ಓದಿದಳು. ಅಲ್ಲೇ ಹೊಸಿಲ ಮೇಲೆ ಕುಸಿದು ಕೂತಳು. ನಗು ಒಂದೊಂದಾಗಿ ನಿಂತಿತು.

"ಯಾರು ಅಂದ್ಕೊಂಡ್ರಿ ಅಜ್ಜಿ ಅವರನ್ನ?"

"ಗಂಡಸರು" ಎಂದಳು ಅಜ್ಜಿ.

ಅಜ್ಜಿ ಕಾಗದದ ಮೇಲಿನ ತನ್ನ ಹೆಬ್ಬೆಟ್ಟನ್ನು ನೋಡಿದಳು, ಬೆರಳನ್ನು ನೋಡಿಕೊಂಡಳು, ಬಟ್ಟೆಗೆ ಒರೆಸಿಕೊಂಡಳು. ಮಸಿ ಹೋಗಲಿಲ್ಲ.

ಬುಧವಾರ ಬೆಳಿಗ್ಗೆ ನರ್ಸಮ್ಮ ಪಂಚಾಯಿತಿ ಕಚೇರಿಯಲ್ಲಿದ್ದಳು. ಗುಮಾಸ್ತ ಅವಳ ಕೈಯಲ್ಲೇ ಹುಟ್ಟಿದವನು. ಎದ್ದು ನಿಂತು ಕುರ್ಚಿ ಕೊಟ್ಟ. ಆದರೆ ಕಡತ ಅವನ ಕೈ ಮೀರಿತ್ತು.

"ಶುಕ್ರವಾರದ ಸಭೆಗೆ ಪಟ್ಟಿ ಆಗಿಬಿಟ್ಟಿದೆ ನರ್ಸಮ್ಮ. ನಿಮ್ಮ ಹಣ ಆಟದ ಮೈದಾನಕ್ಕೆ ಹೋಗುತ್ತೆ. ಜಲ್ಲಿ ಹಾಕೋ ಗುತ್ತಿಗೆದಾರ ನಿನ್ನೇನೆ ಬಂದು ಕಾಯ್ಕೊಂಡು ಕೂತಿದ್ದ."

"ಅವರನ್ನೇ ಇನ್ನೊಂದು ಸಲ ಬಂದು ನೋಡೋಕೆ ಹೇಳಪ್ಪ."

"ಅವರು ಇನ್ನು ಮೂರು ತಿಂಗಳು ಈ ಕಡೆ ಬರಲ್ಲ. ವರ್ಷ ಈ ತಿಂಗಳಿಗೇ ಮುಗಿಯುತ್ತೆ."

"ನಾನು ಸಭೆಯಲ್ಲಿ ಹೇಳ್ತೀನಿ. ಹನ್ನೊಂದು ಜನ ಇದ್ದಾರೆ ಅಂತ ಬರೆದು ಕೊಡ್ತೀನಿ." ಅವಳು ಚೀಲದಿಂದ ದಾಖಲೆ ಪುಸ್ತಕ ತೆಗೆದಳು.

ಗುಮಾಸ್ತ ಪುಟ ತಿರುವಿದ. ಆ ಪುಸ್ತಕದಲ್ಲಿ ಹೆಸರುಗಳಿರಲಿಲ್ಲ. ಪುಸ್ತಕ ಯಾರ ಕೈಗೆ ಸಿಕ್ಕೀತೋ ಎಂದು ನರ್ಸಮ್ಮ ಮೊದಲ ದಿನದಿಂದಲೂ ತಾರೀಕಿನ ಮುಂದೆ, ಬಂದವಳ ಕೈಯಲ್ಲಿ ಏನಿತ್ತೋ ಅದನ್ನಷ್ಟೇ ಬರೆಯುತ್ತಿದ್ದಳು. ನೀಲಿ ಕೊಡೆ. ಒಂದೇ ಚಪ್ಪಲಿ. ಕತ್ತರಿ ಮತ್ತು ಮಗು. ಖಾಲಿ ಕೈ. ಖಾಲಿ ಕೈ. ಕೋಳಿಮರಿ ಎರಡು.

"ಇದೇನಮ್ಮಾ" ಎಂದ ಗುಮಾಸ್ತ, ನಗಬಾರದೆಂದುಕೊಂಡೇ ನಕ್ಕು. "ಸರ್ಕಾರದ ದುಡ್ಡಲ್ಲಿ ಕೊಡೆಗೆ, ಚಪ್ಪಲಿಗೆ ಅನ್ನ ಹಾಕ್ತಿದ್ದೀರಾ ಅಂತ ಕೇಳ್ತಾರೆ." ಆಮೇಲೆ ಮೆತ್ತಗೆ ಹೇಳಿದ: "ನೀವು ನಡೆಸೋರು. ನಿಮ್ಮ ಮಾತು ನಡೆಯಲ್ಲ. ಅಲ್ಲಿ ಇರೋಳು ಒಬ್ಬಳಾದ್ರೂ ಸಭೆಗೆ ಬಂದು, ಹೆಸರು ಹೇಳಿ, ನಾನು ಅಲ್ಲಿದ್ದೀನಿ ಅನ್ನಬೇಕು. ಒಬ್ಬಳೇ ಸಾಕು."

"ಸಭೆಗೆ ಯಾರು ಬೇಕಾದ್ರೂ ಬರ್ತಾರೆ."

"ಬರ್ತಾರೆ."

"ನಡಾವಳಿ ಗೋಡೆಗೆ ಅಂಟಿಸ್ತೀರಿ."

"ಅಂಟಿಸ್ತೀವಿ. ಹೆಸರು ಸಮೇತ." ಗುಮಾಸ್ತ ಕಡತದ ದಾರ ಕಟ್ಟಿದ. "ವಿಳಾಸ ಮಾತ್ರ ಓದಲ್ಲ. ಕಡತದಲ್ಲಿ ನಂಬರ್ ಹಾಕಿದ್ದೀನಿ, ನೀವು ಹೇಳಿದ ಹಾಗೆ. ನನ್ನ ಕೈಲಾದದ್ದು ಇಷ್ಟು."

ಆ ಸಂಜೆ ನರ್ಸಮ್ಮ ಹೆಂಗಸರಿಗೆ ಎಲ್ಲವನ್ನೂ ಹೇಳಿದಳು, ಒಂದನ್ನು ಬಿಟ್ಟು. ಯಾರಾದರೂ ಬನ್ನಿ ಎಂದು ಮಾತ್ರ ಕೇಳಲಿಲ್ಲ. ಕೇಳುವ ಅಗತ್ಯವೂ ಇರಲಿಲ್ಲ. ಪ್ರತಿಯೊಬ್ಬಳೂ ತಲೆ ತಗ್ಗಿಸಿ ತನ್ನ ಗಂಡನನ್ನೋ, ಮೈದುನನನ್ನೋ, ತಂದೆಯನ್ನೋ ಆ ಸಭೆಯ ಬೆಂಚಿನ ಮೇಲೆ ಕೂರಿಸಿ ನೋಡುತ್ತಿದ್ದಳು. ಕತ್ತರಿ ಹಿಡಿದು ಬಂದ ದರ್ಜಿ ಹುಡುಗಿ ಹೊಲಿಯುತ್ತಿದ್ದ ಅಂಗಿಯ ತೋಳನ್ನು ತಿರುಗುಮುರುಗಾಗಿ ಜೋಡಿಸಿ, ಬಿಚ್ಚಿ, ಮತ್ತೆ ಹಾಗೇ ಜೋಡಿಸಿದಳು.

"ನನ್ನ ಗಂಡ ನನ್ನನ್ನ ನಗರದಲ್ಲಿ ಹುಡುಕ್ತಿದ್ದಾನಂತೆ" ಎಂದಳು. "ಬಸ್ಸಿಂದ ಬಸ್ಸಿಗೆ. ನಾನು ಇಲ್ಲಿ ಮೂರು ಮೈಲಿ ದೂರದಲ್ಲಿ ಅವನ ಊರಿನ ನಾಯಿ ಬೊಗಳೋದು ಕೇಳ್ಕೊಂಡು ಕೂತಿದ್ದೀನಿ. ನಾನೇ ಹೋಗ್ತೀನಿ ನರ್ಸಮ್ಮ. ನಾನು ಹೋಗದಿದ್ರೂ ತಿಂಗಳ ಕೊನೆಗೆ ಹೋಗೋದು ಅವನ ಹತ್ರಾನೇ ಅಲ್ವಾ."

"ಬಾಯಿ ಮುಚ್ಚೇ" ಎಂದಳು ಅಜ್ಜಿ ಬಾಗಿಲಿನಿಂದ. ಹಿಂದಿನ ದಿನದಿಂದ ಅವಳ ಬಾಯಿಂದ ಬಂದ ಮೊದಲ ಮಾತು ಅದು. "ಕೂಸಿನ ಮುಖ ನೋಡಿ ಮಾತಾಡು. ನರ್ಸಮ್ಮಾ, ಆ ಜಲ್ಲಿ ಗುತ್ತಿಗೆದಾರ ಅಂದ್ರಲ್ಲ. ಕೆಂಪು ಟ್ರ್ಯಾಕ್ಟರಿನವನಾ?"

ನರ್ಸಮ್ಮ ದಾಖಲೆ ಪುಸ್ತಕವನ್ನು ಚೀಲಕ್ಕೆ ತುರುಕಿದಳು. ಅಜ್ಜಿಗೆ ಅಷ್ಟು ಸಾಕಾಯಿತು.

ಮರುದಿನ ಇಬ್ಬರೇ ಇದ್ದಾಗ ನರ್ಸಮ್ಮ ಅವಳ ಕಾಲಿನ ಹತ್ತಿರ ಕೂತಳು. "ನಿಮ್ಮ ತಲೆಯಲ್ಲಿ ಏನು ಓಡ್ತಿದೆ ಅಂತ ಗೊತ್ತು. ಬೇಡ."

"ಹೆಬ್ಬೆಟ್ಟು ಒತ್ತಿದ್ದು ಯಾರು?"

"ಗೊತ್ತಿಲ್ಲದೆ ಒತ್ತಿದ್ರಿ."

"ಗೊತ್ತಿಲ್ಲದೆ ಒತ್ತಿದ್ರೂ ಮಸಿ ಮಸಿಯೇ." ಅಜ್ಜಿ ತಟ್ಟೆಯನ್ನು ಮಡಿಲಲ್ಲಿ ತಿರುಗಿಸಿದಳು. "ಒಬ್ಬಳು ಸಾಕು ಅಂದ್ನಲ್ಲ ಗುಮಾಸ್ತ. ನಾನು ಒಬ್ಬಳಲ್ವಾ? ಒಂಬತ್ತು ವರ್ಷದಿಂದ ಇಲ್ಲಿದ್ದೀನಿ, ನೀವು ನನ್ನ ಕಾವಲುಗಾರ್ತಿ ಮಾಡಿಬಿಟ್ರಿ. ನಾನೂ ಮರೆತುಬಿಟ್ಟಿದ್ದೆ. ನಾನು ಯಾಕೆ ಬಂದೆ ಇಲ್ಲಿಗೆ, ಹೇಳಿ ನೋಡೋಣ."

ನರ್ಸಮ್ಮನಿಗೆ ಗೊತ್ತಿತ್ತು. ಅವಳೊಬ್ಬಳಿಗೇ ಗೊತ್ತಿತ್ತು.

ಶುಕ್ರವಾರ ಸಭೆ ನಡೆಯುವ ಕೋಣೆಯಲ್ಲಿ ಜನ ತುಂಬಿದ್ದರು. ನಲ್ಲಿ ನೀರಿನ ಜಗಳ, ಚರಂಡಿಯ ಜಗಳ. ಮೇಜಿನ ಮೇಲೆ ತಣ್ಣಗಾದ ಚಹಾ ಲೋಟಗಳು. ಅಧ್ಯಕ್ಷೆ ಐವತ್ತರ ಹೆಂಗಸು, ಕನ್ನಡಕವನ್ನು ಹಣೆಗೇರಿಸಿಕೊಂಡು ಅದನ್ನೇ ಮೇಜಿನ ಮೇಲೆ ಹುಡುಕುತ್ತಿದ್ದಳು. ಮುಂದಿನ ಬೆಂಚಿನಲ್ಲಿ ಜಲ್ಲಿ ಗುತ್ತಿಗೆದಾರ ಕಾಲ ಮೇಲೆ ಕಾಲು ಹಾಕಿ ಕೂತಿದ್ದ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಅಗಲ ಭುಜ, ಎಲ್ಲರಿಗೂ ನಗುನಗುತ್ತಾ ಜಾಗ ಬಿಟ್ಟುಕೊಡುತ್ತಿದ್ದ. ಹಿಂದಿನ ಗೋಡೆಗೆ ಅಂಟಿಕೊಂಡು ನರ್ಸಮ್ಮ. ಅವಳ ಬೆನ್ನ ಹಿಂದೆ, ತಲೆಯ ಮೇಲೆ ಶಾಲು ಎಳೆದುಕೊಂಡ ಅಜ್ಜಿ.

ಗುಮಾಸ್ತ ವರದಿ ಓದಿದ. ಯಾರೂ ವಾಸವಿಲ್ಲ ಎನ್ನುವಲ್ಲಿ ಯಾರೋ ಕಿಸಕ್ಕನೆ ನಕ್ಕರು. "ಇಲಿಗಳಿಗೆ ಅನುದಾನ" ಎಂದ ಒಬ್ಬ ಸದಸ್ಯ.

"ಇದಕ್ಕೆ ಯಾರಾದ್ರೂ ಏನಾದ್ರೂ ಹೇಳೋದಿದೆಯಾ?" ಎಂದಳು ಅಧ್ಯಕ್ಷೆ.

"ಇದೆ."

ಅಜ್ಜಿ ಮುಂದೆ ಬಂದಳು. ಜನ ದಾರಿ ಬಿಟ್ಟರು. ಮೇಜಿನ ಮುಂದೆ ನಿಂತು ಶಾಲನ್ನು ತಲೆಯಿಂದ ಇಳಿಸಿದಳು. ಬೆಂಚಿನ ಕಡೆಗೆ ನೋಡಲಿಲ್ಲ. ನೋಡುವ ಅಗತ್ಯವಿರಲಿಲ್ಲ, ಬೆಂಚು ಕಿರ್ ಎಂದಿತು.

"ಆ ಹೆಬ್ಬೆಟ್ಟು ನಂದು. ಸುಳ್ಳು ಹೇಳಿ ಒತ್ತಿದೆ."

"ಸುಳ್ಳು ಯಾಕೆ ಹೇಳಿದ್ರಿ ಅಜ್ಜಿ?"

"ಸುಳ್ಳು ಹೇಳೋದೇ ಅಲ್ಲಿ ನನ್ನ ಕೆಲಸ ತಾಯಿ. ಗಂಡಸು ಬಂದು ಕೇಳಿದ್ರೆ ಯಾರೂ ಇಲ್ಲ ಅನ್ನೋದು. ಆರು ವರ್ಷದಿಂದ ಹಂಗೇ ಹೇಳಿ ಹೇಳಿ ಎಷ್ಟು ಜೀವ ಉಳಿಸಿದ್ದೀನೋ. ಆವತ್ತು ಬಂದೋರು ಸರ್ಕಾರದ ಗಂಡಸು ಅಂತ ಹಣೆ ಮೇಲೆ ಬರೆದಿರಲಿಲ್ಲ."

ಈ ಸಲ ನಕ್ಕವರು ಬೇರೆಯವರು.

"ನೀವು ಕಾವಲಿನವರು ಅಲ್ವಾ? ಅಲ್ಲಿ ಆಶ್ರಯ ಪಡೆದವರು ಹೇಳಬೇಕು ಅಂತ ನಿಯಮ."

"ನಾನೂ ಓಡಿ ಬಂದೋಳೇ." ಅಜ್ಜಿ ಎಡಗೈಯನ್ನು ಮೇಜಿನ ಮೇಲಿಟ್ಟಳು, ಸೊಟ್ಟ ಮಣಿಕಟ್ಟು ಮೇಲೆ ಮಾಡಿ. "ಇದನ್ನ ಮುರಿದಿದ್ದು ನನ್ನ ಮಗ. ಜಮೀನಿನ ಕಾಗದಕ್ಕೆ ಇದೇ ಹೆಬ್ಬೆಟ್ಟು ಒತ್ತಲಿಲ್ಲ ಅಂತ. ಆಮೇಲೆ ಒತ್ತಿದೆ. ಒತ್ತಿದ ಮೇಲೂ ಹೊಡೀತಿದ್ದ, ಅಭ್ಯಾಸ ಆಗಿತ್ತು. ಉಂಡ ತಟ್ಟೆ ಹಿಡ್ಕೊಂಡು ಹಂಗೇ ಹೊರಟು ಬಂದೆ. ಪುಸ್ತಕ ನೋಡಿ."

ನರ್ಸಮ್ಮ ಪುಸ್ತಕದ ಮೊದಲ ಪುಟ ತೆರೆದು ಅಧ್ಯಕ್ಷೆಯ ಮುಂದಿಟ್ಟಳು. ಒಂಬತ್ತು ವರ್ಷದ ಹಿಂದಿನ ತಾರೀಕು. ಅದರ ಮುಂದೆ: ತಗಡಿನ ತಟ್ಟೆ. ಅಧ್ಯಕ್ಷೆ ಹಣೆಯ ಮೇಲಿನ ಕನ್ನಡಕವನ್ನು ಇಳಿಸಿಕೊಂಡು ಬಹಳ ಹೊತ್ತು ಓದಿದಳು. ಇದ್ದದ್ದು ಎರಡೇ ಪದ.

"ಹೆಸರು ಹೇಳಿ ಅಜ್ಜಿ, ಬರೀಬೇಕು."

ಅಜ್ಜಿ ಹೆಸರು ಹೇಳಿದಳು. ಗುಮಾಸ್ತ ಬರೆದುಕೊಂಡ. "ಮಗ ಯಾರು ಅಂತ ಕೇಳಬೇಡಿ. ಅದು ಬೇಕಾಗಿಲ್ಲ ಅಲ್ವಾ ನಿಯಮಕ್ಕೆ?"

"ಬೇಕಾಗಿಲ್ಲ" ಎಂದಳು ಅಧ್ಯಕ್ಷೆ.

ತೀರ್ಮಾನ ದೊಡ್ಡದೇನಲ್ಲ. ಮರುತಪಾಸಣೆ ಆಗುವವರೆಗೆ, ಅಂದರೆ ಮೂರು ತಿಂಗಳು, ಅನುದಾನ ನಿಲ್ಲಿಸಕೂಡದು; ಆಟದ ಮೈದಾನದ ಜಲ್ಲಿ ಮುಂದಕ್ಕೆ. ಕೈ ಎತ್ತಿದವರು ಎತ್ತದವರಿಗಿಂತ ಒಬ್ಬರು ಹೆಚ್ಚು. ಸಭೆ ಮತ್ತೆ ಚರಂಡಿಗೆ ಹೋಯಿತು.

ಹೊರಗಿನ ಪಡಸಾಲೆಯಲ್ಲಿ ಜಲ್ಲಿ ಗುತ್ತಿಗೆದಾರ ಕಾಯುತ್ತಿದ್ದ.

"ಅಮ್ಮಾ" ಎಂದ, ಎಲ್ಲರಿಗೂ ಕೇಳುವಂತೆ. ಕಣ್ಣಲ್ಲಿ ನೀರೂ ಇತ್ತು. "ಎಲ್ಲೆಲ್ಲಿ ಹುಡುಕಿದೆ ನಿನ್ನ. ಸತ್ತೇ ಹೋದೆ ಅಂದ್ಕೊಂಡಿದ್ದೆ. ಮನೆಯಲ್ಲಿ ಮೊಮ್ಮಕ್ಕಳು ಅಜ್ಜಿ ಎಲ್ಲಿ ಅಂತ ಕೇಳ್ತಾವೆ." ಅವಳ ಭುಜದ ಸುತ್ತ ಕೈ ಹಾಕಿದ. ನೀರಿನ ಜಗಳಕ್ಕೆ ಬಂದಿದ್ದ ಇಬ್ಬರು ಹೆಂಗಸರು ಕಣ್ಣು ಒರೆಸಿಕೊಂಡರು. ಅವನ ಬೆರಳುಗಳು ಶಾಲಿನ ಮೇಲೆ ಎಷ್ಟು ಬಿಗಿಯಾಗಿವೆ ಎಂಬುದು ನರ್ಸಮ್ಮನಿಗೆ ಮಾತ್ರ ಕಂಡಿತು.

"ಕೈ ತೆಗಿ" ಎಂದಳು ನರ್ಸಮ್ಮ. "ಅವರು ನನ್ನ ಜೊತೆ ಬರ್ತಾರೆ."

"ಎಲ್ಲಿಗೆ?" ಅವನು ನಗುತ್ತಲೇ ಕೇಳಿದ. "ಎಲ್ಲಿಗೆ ಅಂತ ಹೇಳಿ, ನಾನೇ ಬಿಟ್ಟು ಬರ್ತೀನಿ. ಟ್ರ್ಯಾಕ್ಟರ್ ಇದೆ. ಅಥವಾ ನಿಧಾನಕ್ಕೆ ನಿಮ್ಮ ಹಿಂದೇನೇ ಬರ್ತೀನಿ. ನನ್ನ ತಾಯಿ ಇರೋ ಜಾಗ ನಾನು ನೋಡಬಾರದಾ?"

ಪಡಸಾಲೆಯಲ್ಲಿ ಕೂತಿದ್ದ ಏಳೆಂಟು ಗಂಡಸರು ಕತ್ತು ಉದ್ದ ಮಾಡಿ ನೋಡುತ್ತಿದ್ದರು. ಅವರಲ್ಲಿ ದರ್ಜಿ ಹುಡುಗಿಯ ಗಂಡನ ಊರಿನವರೂ ಇದ್ದರು.

ಅಜ್ಜಿ ಇದನ್ನು ನಿನ್ನೆಯೇ ನೋಡಿ ಮುಗಿಸಿದ್ದಳೋ ಏನೋ. ಮುಖದಲ್ಲಿ ಗಾಬರಿ ಇರಲಿಲ್ಲ.

"ನಡಿ ಮಗನೇ, ಮನೆಗೆ ಹೋಗೋಣ" ಎಂದಳು. "ಸುಸ್ತಾಗಿದೆ. ಸ್ವಲ್ಪ ಇಲ್ಲೇ ಮೆಟ್ಟಿಲ ಮೇಲೆ ಕೂತು ಹೋಗೋಣ. ಕುಡಿಯೋಕೆ ನೀರು ತಾ."

"ಅಜ್ಜೀ!" ನರ್ಸಮ್ಮ ಅವಳ ಕೈ ಹಿಡಿದಳು. ಅಧ್ಯಕ್ಷೆಯನ್ನು ಕರೆಯುತ್ತೇನೆ, ಪೊಲೀಸರನ್ನು ಕರೆಯುತ್ತೇನೆ ಎಂದು ಪಿಸುಗುಟ್ಟಿದಳು. ಅಜ್ಜಿ ಅವಳ ಕಿವಿಗೆ ಬಾಯಿಟ್ಟಳು. "ಪೊಲೀಸರು ಬಂದು ಏನು ಕೇಳ್ತಾರೆ? ತಾಯಿ ಮಗನ ಜೊತೆ ಹೋಗ್ತಿದ್ದಾಳೆ. ನಾನು ಗೋದಾಮಿನ ರಸ್ತೆಗೆ ತಿರುಗಿದ್ರೆ ಅವನೂ ತಿರುಗ್ತಾನೆ. ಹಿಂದಿನ ಬಾಗಿಲಿಂದ ಹೋಗಿ, ಬೇಗ. ನಾನು ಎಣಿಸ್ತಿರ್ತೀನಿ."

ಅವಳು ಮೆಟ್ಟಿಲ ಮೇಲೆ ಕೂತಳು. ಮಗ ನೀರು ತಂದ. ಅವಳು ಲೋಟವನ್ನು ಎರಡೂ ಕೈಯಲ್ಲಿ ಹಿಡಿದು, ಸಣ್ಣ ಮಕ್ಕಳು ಕುಡಿಯುವಂತೆ ಗುಟುಕು ಗುಟುಕಾಗಿ ಕುಡಿಯತೊಡಗಿದಳು. ಒಂದೊಂದು ಗುಟುಕಿಗೂ ನಿಲ್ಲಿಸುತ್ತಿದ್ದಳು.

ನರ್ಸಮ್ಮ ಕಚೇರಿಯ ಹಿಂಬಾಗಿಲು ದಾಟಿ, ಕೆರೆ ಏರಿ ಹತ್ತಿ, ಹೊಲದ ಬದುವಿಗೆ ಇಳಿದಳು. ಅರವತ್ತೆರಡರ ವಯಸ್ಸಿನಲ್ಲಿ ಓಡಿದಳು. ಎಷ್ಟೋ ಹೊತ್ತಿನ ಮೇಲೆ ದೂರದಲ್ಲಿ ಟ್ರ್ಯಾಕ್ಟರ್ ಶುರುವಾದ ಸದ್ದು ಕೇಳಿತು. ಆ ಸದ್ದು ಅವಳ ಕಡೆಗೆ ಬರಲಿಲ್ಲ. ಬಂದಿದ್ದರೆ ಚೆನ್ನಾಗಿತ್ತೇನೋ ಎಂದು ಒಂದು ಕ್ಷಣ ಅನಿಸಿ, ಅನಿಸಿದ್ದಕ್ಕೆ ಅಲ್ಲೇ ಬದುವಿನ ಮೇಲೆ ಕೂತು ಬಾಯಿಗೆ ಬಟ್ಟೆ ತುರುಕಿಕೊಂಡು ಅತ್ತಳು.

ಮನೆಯ ಗೇಟಿಗೆ ಬಂದಾಗ ಯಾರೂ ತಟ್ಟೆ ಬಡಿಯಲಿಲ್ಲ. ಮುರುಕು ಕುರ್ಚಿ ಖಾಲಿ ಇತ್ತು; ಅದರ ಮೇಲೆ ತಟ್ಟೆ. ಬೆಳಿಗ್ಗೆ ಹೊರಡುವಾಗ ಅಜ್ಜಿ ಅದನ್ನು ಬೂದಿ ಹಾಕಿ ಬೆಳಗಿಟ್ಟಿದ್ದಳು.

ದರ್ಜಿ ಹುಡುಗಿ ಓಡಿ ಬಂದು ಬೀಗ ತೆಗೆದಳು. "ಏನಾಯ್ತು ನರ್ಸಮ್ಮ? ಉಳೀತಾ ಮನೆ?"

"ಮೂರು ತಿಂಗಳು."

ಹುಡುಗಿ ಅವಳ ಬೆನ್ನ ಹಿಂದಿನ ದಾರಿ ನೋಡಿದಳು. ಮತ್ತೆ ನೋಡಿದಳು. "ಅಜ್ಜಿ ನಿಧಾನಕ್ಕೆ ಬರ್ತಿದ್ದಾರಾ?"

ನರ್ಸಮ್ಮ ಪುಸ್ತಕವನ್ನು ಎದೆಗೆ ಒತ್ತಿಕೊಂಡು ಒಳಗೆ ಹೋದಳು. ಅಡುಗೆಮನೆಯಲ್ಲಿ ಯಾರೋ ಸಂಜೆಗೆ ಅಕ್ಕಿ ಅಳೆಯುತ್ತಿದ್ದರು, ಹನ್ನೊಂದು ಜನಕ್ಕೆ, ಆರು ಮಕ್ಕಳಿಗೆ. ಹುಡುಗಿ ಸ್ವಲ್ಪ ಹೊತ್ತು ಗೇಟಿನಲ್ಲಿ ನಿಂತಳು. ಆಮೇಲೆ ತಟ್ಟೆಯನ್ನು ಎತ್ತಿಕೊಂಡು, ಕುರ್ಚಿಯ ಮುರಿದ ಕಾಲನ್ನು ಕಲ್ಲಿಗೆ ಒರಗಿಸಿ, ದಾರಿಗೆ ಮುಖ ಮಾಡಿ ಕೂತಳು.